ಮಳೆಯ ಊರಿಗೆ ಕಟ್ಟುವ ಗಂಟು

ಗದಗ ಜಿಲ್ಲೆಯ ರೋಣದ ಕಡೆಯ ಹಳ್ಳಿಯೊಂದರಿಂದ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಮಗಳಿಗೆ ಮಂಗಳೂರಿನ ಕಾಲೇಜೊಂದರಲ್ಲಿ ಪ್ರವೇಶ ದೊರೆತಿದೆ. ಆ ಮನೆತನದಲ್ಲಿ ಊರು ಬಿಟ್ಟು ಓದಲು ಹೊರಟ ಹೆಣ್ಣುಮಗಳು ಇವಳೇ ಮೊದಲಿನವಳು. ಆಷಾಢದಲ್ಲಿ ತಂದೆತಾಯಿಗಳಿಬ್ಬರೂ ಜೊತೆಯಲ್ಲಿ ಹೋಗಿ ಅವಳನ್ನು ವಸತಿನಿಲಯಕ್ಕೆ ಸೇರಿಸಿ ಬರಬೇಕಾಗಿದೆ. "ಅಲ್ಲಿ ಮಳೆ ಬಿಡುವುದೇ ಇಲ್ಲವಂತೆ. ನಾವು ಅಂಥ ಮಳೆ ಕಂಡವರಲ್ಲ. ಏನೇನು ಕಟ್ಟಿಕೊಂಡು ಹೋಗಬೇಕು, ತಾವು ತಿಳಿಸಬೇಕು" ಎಂದು ಕೇಳಿ, ತಾವು ಈಗಾಗಲೇ ಕೂಡಿಸಿಟ್ಟಿರುವ ಸಾಮಾನುಗಳ ಯಾದಿಯನ್ನೂ ಆ ತಾಯಿ ಪತ್ರದ ಜೊತೆಗೆ ಲಗತ್ತಿಸಿದ್ದಾರೆ.

ಆ ಯಾದಿಯನ್ನು ನಾವು ಎರಡು ಸಲ ಓದಿದೆವು. ತಗಡಿನ ಟ್ರಂಕು ಒಂದು, ಇಳಕಲ್ ಸೀರೆ ಎರಡು, ಚೂಡಿದಾರ ಆರು ಜೊತೆ, ಜೀನ್ಸ್ ಎರಡು, ಹೊಸ ಚರ್ಮದ ಚಪ್ಪಲಿ, ದಪ್ಪ ಟರ್ಕಿ ಟುವಾಲು ಎರಡು, ಖಡಕ್ ರೊಟ್ಟಿ ಅರವತ್ತು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮಗಳ ತಂದೆಯ ಸಕ್ಕರೆ ಕಾಯಿಲೆಯ ಗುಳಿಗೆಗಳು, ಎಲ್ಲಕ್ಕಿಂತ ಕೊನೆಗೆ "ನಮ್ಮ ಅತ್ತೆಯವರು ಮೊಮ್ಮಗಳಿಗಾಗಿ ಹೊಲಿದ ಕೌದಿ". ಅಕ್ಕರೆಯಿಂದ ಮಾಡಿದ ಯಾದಿ ಅದು. ಆದರೆ ಮಗಳ ಅಂಕಪಟ್ಟಿಗಳ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅವು ತಂದೆಯ ಕೈಚೀಲದಲ್ಲಿ ಹೋಗುತ್ತವೆಂದು ಎಲ್ಲರೂ ಭಾವಿಸಿರಬೇಕು. ಅದನ್ನು ಕಂಡ ಮೇಲೆ ನಮಗೆ ಒಂದು ಹಳೆಯ ಸಂಗತಿ ನೆನಪಾಯಿತು. ಈ ಪುಟದಲ್ಲಿ ಗ್ರಂಥವಿಚಾರಗಳನ್ನೇ ಹೆಚ್ಚಾಗಿ ಓದಿ ಬಲ್ಲ ಬಂಧುಗಳು ಈ ಸಲ ಗಂಟು ಕಟ್ಟುವ ವಿಚಾರ ಬಂದುದಕ್ಕೆ ಅಚ್ಚರಿಪಡಬಾರದು. ಗ್ರಂಥವೊಂದನ್ನು ನಾವು ಕಳೆದುಕೊಂಡದ್ದು ಗಂಟು ಕಟ್ಟಲು ಬಾರದೆಯೇ.

ಮೊದಲು ಆ ಮಳೆಯ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ನಮ್ಮ ಗದಗ, ವಿಜಯಪುರದ ಸೀಮೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ ವರ್ಷದ ಮಳೆ 3,500 ಮಿಲಿಮೀಟರಿಗೂ ಮಿಕ್ಕಿದ್ದು. ಜುಲೈ ತಿಂಗಳೊಂದರಲ್ಲಿಯೇ ಸುಮಾರು 1,000 ಮಿಲಿಮೀಟರು ಸುರಿಯುತ್ತದೆ. ಅಂದರೆ ನಮ್ಮ ಹೊಲಗಳು ಒಂದು ವರ್ಷದಲ್ಲಿ ಕಾಣುವ ಮಳೆಗಿಂತ ಹೆಚ್ಚಿನ ಮಳೆಯನ್ನು ಆ ಊರಿನ ಮಾಡುಗಳು ಒಂದೇ ತಿಂಗಳಲ್ಲಿ ಇಳಿಸುತ್ತವೆ. ನೈಋತ್ಯ ದಿಕ್ಕಿನಿಂದ ಬೀಸುವ ಗಾಳಿ ಅರಬ್ಬೀ ಸಮುದ್ರದ ನೀರನ್ನು ಹೊತ್ತು ಬಂದು ಸಹ್ಯಾದ್ರಿಗೆ ತಾಗಿ ಮೇಲೇರುತ್ತದೆ. ಏರಿದಂತೆ ತಣಿಯುತ್ತದೆ, ತಣಿದಂತೆ ತನ್ನ ಹೊರೆಯನ್ನು ಪಡುವಣ ಮಗ್ಗುಲಿನಲ್ಲಿಯೇ ಇಳಿಸಿಬಿಡುತ್ತದೆ. ಬೆಟ್ಟ ದಾಟಿ ನಮ್ಮ ಬಯಲಿಗೆ ಬರುವ ಹೊತ್ತಿಗೆ ಅದರ ಕೈ ಬರಿದಾಗಿರುತ್ತದೆ. ಜೂನ್ ಮೊದಲ ವಾರದ ಸುಮಾರಿಗೆ ತೊಡಗಿದ ಈ ಮಳೆ ತುಳುನಾಡಿನವರು ಆಟಿ ಎಂದು ಕರೆಯುವ ತಿಂಗಳು ಮುಗಿಯುವವರೆಗೆ, ಅಂದರೆ ಆಗಸ್ಟಿನ ನಡುವಿನವರೆಗೆ, ಬಲವಾಗಿಯೇ ಇರುತ್ತದೆ.

ಆದರೆ ಬಯಲುಸೀಮೆಯವರು ಸಾಮಾನ್ಯವಾಗಿ ತಪ್ಪು ತಿಳಿಯುವುದು ಇಲ್ಲಿಯೇ. ಆ ಊರಿನಲ್ಲಿ ತೊಯ್ಯುವುದೇ ಕಷ್ಟವೆಂದು ನಾವು ಎಣಿಸುತ್ತೇವೆ. ತೊಯ್ಯುವುದು ಅಷ್ಟು ದೊಡ್ಡ ಕಷ್ಟವಲ್ಲ. ಮಂಗಳೂರಿನಲ್ಲಿ ಮಳೆಗಾಲದಲ್ಲಿಯೂ ಚಳಿ ಇಲ್ಲ. ತೊಯ್ದವನು ನಡುಗುವುದು ಅಪರೂಪ. ಕಷ್ಟವಿರುವುದು ಒಣಗದಿರುವುದರಲ್ಲಿ. ರೋಣದ ಬಿಸಿಲಿನಲ್ಲಿ ಹಿಂಡಿ ಹರವಿದ ಸೀರೆ ಒಂದು ಗಳಿಗೆಯಲ್ಲಿ ಗರಿಗರಿಯಾಗುತ್ತದೆ. ಮಂಗಳೂರಿನ ಗಾಳಿ ಜುಲೈನಲ್ಲಿ ತಾನೇ ನೀರುಂಡು ತುಂಬಿರುವುದರಿಂದ ಅರಿವೆಯ ತೇವವನ್ನು ತೆಗೆದುಕೊಳ್ಳಲು ಅದರಲ್ಲಿ ಎಡೆಯಿರುವುದಿಲ್ಲ. ಅದೇ ಸೀರೆ ಎರಡು ದಿನ ಹಗ್ಗದ ಮೇಲಿದ್ದರೂ ಸೆರಗಿನ ಅಂಚು ತಣ್ಣಗೇ ಇರುತ್ತದೆ, ಮೂರನೆಯ ದಿನ ಮುಗ್ಗಲು ವಾಸನೆ ಹಿಡಿಯುತ್ತದೆ. ಆದ್ದರಿಂದ ಮಳೆಯಿಂದ ತಪ್ಪಿಸಿಕೊಳ್ಳುವುದು ಹೇಗೆಂದು ಯೋಚಿಸಿ ಗಂಟು ಕಟ್ಟಬಾರದು. ಯಾವುದು ತೊಯ್ಯಬಹುದು, ಯಾವುದು ತೊಯ್ಯಲೇಬಾರದು ಎಂದು ಬೇರ್ಪಡಿಸಿ ಕಟ್ಟಬೇಕು.

ಈ ಮಾತನ್ನು ನಮಗೆ ಕಲಿಸಿದವರು ಕರಾವಳಿಯ ಒಬ್ಬ ಮುದುಕಿ. 1986ರ ಜುಲೈ ತಿಂಗಳು. ನಾವಾಗ ಮಠದಲ್ಲಿ ಓದು ಮುಗಿಸಿ ಹಸ್ತಪ್ರತಿಗಳ ಕೆಲಸದಲ್ಲಿ ತೊಡಗಿದ್ದ ತರುಣರು. ಘಟ್ಟದ ಕೆಳಗಿನ ಒಂದು ಮನೆಯಲ್ಲಿ ಹಳೆಯ ವೈದ್ಯಗ್ರಂಥವೊಂದರ ತಾಡವೋಲೆ ಇದೆಯೆಂಬ ಸುದ್ದಿ ಬಂದಿತ್ತು. ಅದೇ ಗ್ರಂಥದ ಇನ್ನೊಂದು ಪ್ರತಿಯಿಂದ ನಮ್ಮ ಗುರುಗಳು ತಮ್ಮ ಕೈಯಾರೆ ನಕಲು ಮಾಡಿದ್ದ ವಹಿಯೊಂದು ಮಠದಲ್ಲಿತ್ತು. ಅವರು ನಕಲು ಮಾಡಿದ ಮೂಲದ ಓಲೆ ಅಷ್ಟರಲ್ಲಿ ಹುಳು ತಿಂದು ಹಾಳಾಗಿತ್ತು. ಎರಡನ್ನೂ ಹೋಲಿಸಿ ಪಾಠಾಂತರ ಗುರುತಿಸಿ ಬಾ ಎಂದು ಗುರುಗಳು ಆ ವಹಿಯನ್ನು ನಮ್ಮ ಕೈಗಿತ್ತು ಕಳುಹಿಸಿದರು.

ನಾವು ಹೊಸದಾಗಿ ಒಂದು ಛತ್ರಿ ಕೊಂಡೆವು. ಬಟ್ಟೆಬರೆಗಳನ್ನೂ ವಹಿಯನ್ನೂ ಒಂದೇ ಅರಿವೆಯ ಚೀಲದಲ್ಲಿ ತುಂಬಿದೆವು. ಬಸ್ಸಿನಲ್ಲಿ ಕಾಲಿಡಲು ಎಡೆಯಿರಲಿಲ್ಲವಾಗಿ ಚೀಲವನ್ನು ನಾವೇ ಏಣಿ ಹತ್ತಿ ಮೇಲಿಟ್ಟು, ತಾಡಪತ್ರಿಯ ಅಂಚಿನ ಕೆಳಗೆ ಸರಿಸಿ ಬಂದು ಕುಳಿತೆವು. ಛತ್ರಿ ಮಾತ್ರ ನಮ್ಮ ಕೈಯಲ್ಲಿಯೇ ಇತ್ತು. ಘಟ್ಟದಲ್ಲಿ ಮಳೆ ಹಿಡಿಯಿತು. ಇಳಿಯುವಾಗ ನಾವು ಛತ್ರಿ ಬಿಚ್ಚಿ ಒಂದು ಹನಿಯೂ ಮೈಗೆ ತಾಗದಂತೆ ಇಳಿದೆವು. ಚೀಲವನ್ನು ಇಳಿಸಿದಾಗ ಅದರ ಮೂಲೆಯಿಂದ ನೀಲಿಯ ನೀರು ತೊಟ್ಟಿಕ್ಕುತ್ತಿತ್ತು.

ಆ ಮನೆಯ ಅಜ್ಜಿ ನಮ್ಮನ್ನು ಗದರಿಸಲಿಲ್ಲ. ವಹಿಯನ್ನು ಕೈಗೆ ತೆಗೆದುಕೊಂಡು, ಅಂಟಿಕೊಂಡ ಹಾಳೆಗಳ ನಡುವೆ ಹಳೆಯ ಮುಂಡಿನ ತುಂಡುಗಳನ್ನು ಸೇರಿಸುತ್ತಾ ಒಂದೊಂದಾಗಿ ಬಿಡಿಸಿದರು. ಒಲೆಯ ಮೇಲ್ಗಡೆ ಹಗ್ಗ ಕಟ್ಟಿ ಮೂರು ದಿನ ಅವನ್ನು ಒಣಗಿಸಿದರು. "ನಾವು ಚಂಡಿಯಾದ್ರೆ ಒರಸಿಕೊಳ್ಳಬಹುದು ಮಗಾ, ಕಾಗದ ಚಂಡಿಯಾದ್ರೆ ಏನನ್ನು ಒರಸುವುದು?" ಎಂದಷ್ಟೇ ಹೇಳಿದರು. ಚಂಡಿಯೆಂದರೆ ಆ ಕಡೆಯ ಮಾತಿನಲ್ಲಿ ಒದ್ದೆ ಎಂದರ್ಥ. ಅದೇ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಯ ನಡುವೆ, ಎರಡು ಮರದ ಪಟ್ಟಿಗಳ ಮಧ್ಯೆ ಬಿಗಿದು ಬಟ್ಟೆ ಸುತ್ತಿಟ್ಟ ಅವರ ಮನೆಯ ತಾಡವೋಲೆ ಎಷ್ಟೋ ತಲೆಮಾರಿನ ಆಟಿಗಳನ್ನು ಕಳೆದು ಕಟಕಟೆಯಾಗಿ ಕುಳಿತಿತ್ತು. ಓಲೆಯ ಅಕ್ಷರಗಳನ್ನು ಕಂಟದಿಂದ ಕೊರೆದು ಅದರಲ್ಲಿ ಮಸಿ ತೀಡಿರುತ್ತಾರೆ. ಒಂದು ವೇಳೆ ನೀರು ಬಿದ್ದರೂ ಕೊರೆದ ಗೆರೆ ಅಳಿಯದು. ನಮ್ಮ ಗುರುಗಳು ಬರೆದದ್ದು ಪೇಟೆಯ ಶಾಯಿಯಲ್ಲಿ. ನೂರಕ್ಕೂ ಮಿಕ್ಕಿದ ಪುಟಗಳಲ್ಲಿ ನಲವತ್ತರಷ್ಟು ಬರಿಯ ನೀಲಿಯ ಮೋಡಗಳಾಗಿ ಹೋದವು. ಆ ನಲವತ್ತು ಪುಟಗಳ ಪಾಠ ಏನಿತ್ತೆಂಬುದು ಮುಂದೆ ಯಾರಿಗೂ ತಿಳಿಯಲಿಲ್ಲ.

ಮಠಕ್ಕೆ ಮರಳಿ ಗುರುಗಳ ಮುಂದೆ ನಿಂತು ನಡೆದುದನ್ನು ಅರಿಕೆ ಮಾಡಿಕೊಂಡೆವು. ಅವರು ಕೇಳಿದ್ದು ಒಂದೇ ಮಾತು: "ನೀನು ತೋಯ್ದೆಯೇನು?" ನಾವು "ಇಲ್ಲ, ಛತ್ರಿ ಇತ್ತು" ಎಂದೆವು. ಅವರು ಮತ್ತೇನನ್ನೂ ಹೇಳಲಿಲ್ಲ. ಆ ಮೌನವನ್ನು ನಾವು ಇಂದಿಗೂ ಮರೆತಿಲ್ಲ.

ಆದಕಾರಣ ರೋಣದ ತಾಯಿಗೆ ನಮ್ಮ ಮೊದಲ ಮಾತು ಇದು. ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಸಾಮಾನುಗಳನ್ನು ಮೂರು ಗುಂಪು ಮಾಡಿರಿ. ತೊಯ್ಯಲೇಬಾರದವು ಒಂದು ಗುಂಪು, ತೊಯ್ದರೂ ಬೇಗ ಒಣಗುವವು ಇನ್ನೊಂದು, ತೊಯ್ದರೆ ಒಣಗದವು ಮೂರನೆಯದು. ಮೊದಲನೆಯ ಗುಂಪು ನಿಮ್ಮ ಮೈಗೆ ಅಂಟಿಕೊಂಡು ಬರಲಿ, ಎರಡನೆಯದು ಪೆಟ್ಟಿಗೆಯಲ್ಲಿ ಬರಲಿ, ಮೂರನೆಯದು ಮನೆಯಲ್ಲಿಯೇ ಉಳಿಯಲಿ.

ತೊಯ್ಯಲೇಬಾರದವುಗಳಲ್ಲಿ ಅಗ್ರಸ್ಥಾನ ಕಾಗದಪತ್ರಗಳದ್ದು. ಹತ್ತನೆಯ ತರಗತಿಯ ಮತ್ತು ಪಿಯುಸಿಯ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಪ್ರವೇಶದ ಆದೇಶ, ಆಧಾರ್, ಭಾವಚಿತ್ರಗಳು, ಬ್ಯಾಂಕಿನ ಪುಸ್ತಕ, ಇವೆಲ್ಲವನ್ನೂ ಒಂದು ದಪ್ಪನೆಯ, ಬಾಯಿ ಬಿಗಿಯುವ ಪ್ಲಾಸ್ಟಿಕ್ ಕೋಶದಲ್ಲಿರಿಸಿ, ಆ ಕೋಶವನ್ನು ಮತ್ತೊಂದರಲ್ಲಿ ಇಡಿರಿ. ಹೊರಗಿನದು ಹರಿದರೆ ಒಳಗಿನದು ಕಾಯುತ್ತದೆ. ಜೆರಾಕ್ಸ್ ಪ್ರತಿಗಳನ್ನು ಮೂಲಪತ್ರಗಳೊಂದಿಗೆ ಇಡಬೇಡಿರಿ. ಒಂದು ಚೀಲ ಕಳೆದರೆ ಎರಡೂ ಕಳೆಯುತ್ತವೆ. ಜೆರಾಕ್ಸಿನ ಮಸಿ ಸೆಕೆಗೆ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದೂ ಉಂಟು. ಆದ್ದರಿಂದ ನಡುವೆ ಒಂದೊಂದು ಖಾಲಿ ಹಾಳೆ ಇರಲಿ. ನೀರಿಗೆ ಹೆದರಿ ಮೂಲಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸುವವರಿದ್ದಾರೆ. ಅದನ್ನು ಮಾಡಿಸಬಾರದು. ಒಮ್ಮೆ ಅಂಟಿಸಿದ ಹೊದಿಕೆಯನ್ನು ಪತ್ರಕ್ಕೆ ಪೆಟ್ಟಾಗದಂತೆ ಬಿಡಿಸಲಾಗದು, ಮುಂದೆ ಅದರ ಮೇಲೆ ಮೊಹರು ಬೀಳಬೇಕಾದರೆ ಎಡೆಯಿರದು. ಎಲ್ಲ ಪತ್ರಗಳ ಚಿತ್ರಗಳನ್ನು ಮಗಳ ಮೊಬೈಲಿನಲ್ಲಿಯೂ ಮನೆಯಲ್ಲಿ ಉಳಿಯುವ ಒಬ್ಬರ ಮೊಬೈಲಿನಲ್ಲಿಯೂ ಇರಿಸಿರಿ. ಸರ್ಕಾರದ ಡಿಜಿಲಾಕರಿನಲ್ಲಿ ದೊರೆಯುವವನ್ನು ಅಲ್ಲಿಯೂ ಇಳಿಸಿಕೊಳ್ಳಿರಿ. ಆದರೂ ಪ್ರವೇಶದ ದಿನ ಮೇಜಿನ ಮೇಲೆ ಇಡಬೇಕಾದದ್ದು ಮೂಲಪತ್ರಗಳನ್ನೇ. ಆ ಕೋಶ ಬಸ್ಸಿನ ಡಿಕ್ಕಿಯಲ್ಲಿಯೂ ಅಲ್ಲ, ರೈಲಿನ ಆಸನದ ಕೆಳಗೂ ಅಲ್ಲ, ಯಾರಾದರೊಬ್ಬರ ಮಡಿಲಿನಲ್ಲಿ ಬರಬೇಕು. ಯಾರ ಮಡಿಲು ಎಂಬುದನ್ನು ಹೊರಡುವ ಮುನ್ನವೇ ಗೊತ್ತುಮಾಡಿರಿ. ಅವರಲ್ಲಿದೆ ಎಂದು ಇವರು, ಇವರಲ್ಲಿದೆ ಎಂದು ಅವರು ತಿಳಿಯುವುದರಿಂದಲೇ ಹೆಚ್ಚಿನ ನಷ್ಟಗಳಾಗುತ್ತವೆ.

ಎರಡನೆಯದು ಔಷಧ. ಮಗಳ ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಬರೆದಿದ್ದೀರಿ. ಗುಳಿಗೆಗಳನ್ನು ಅವುಗಳ ಹಾಳೆಯಿಂದ ಬಿಡಿಸಿ ಡಬ್ಬಿಗೆ ಹಾಕಿಕೊಳ್ಳಬಾರದು. ತೇವದ ಗಾಳಿಗೆ ಅವು ಮೆತ್ತಗಾಗಿ ಕೆಡುತ್ತವೆ. ರಕ್ತದ ಸಕ್ಕರೆ ನೋಡುವ ಪಟ್ಟಿಗಳ ಡಬ್ಬಿಯ ಮುಚ್ಚಳವನ್ನು ತೆರೆದ ಕೂಡಲೇ ಮುಚ್ಚಬೇಕು. ತೇವ ತಾಗಿದ ಪಟ್ಟಿ ತಪ್ಪು ಅಂಕಿ ತೋರಿಸಬಲ್ಲದು. ನಾಲ್ಕು ದಿನದ ಪ್ರಯಾಣವಾದರೆ ಎಂಟು ದಿನದ ಔಷಧವಿರಲಿ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ. ಕಿವಿಯ ಯಂತ್ರ ಉಳ್ಳ ಹಿರಿಯರಿದ್ದರೆ ಅದನ್ನೂ ರಾತ್ರಿ ಒಣಡಬ್ಬಿಯಲ್ಲಿ ಇಡಬೇಕು. ಹೊಸ ಪಾದರಕ್ಷೆಯ ಪೆಟ್ಟಿಗೆಯಲ್ಲಿ ಬರುವ ಸಣ್ಣ ಹರಳಿನ ಪೊಟ್ಟಣಗಳನ್ನು ಎಸೆಯದೆ ಕೂಡಿಸಿಟ್ಟರೆ ಇಂಥ ಡಬ್ಬಿಗಳಲ್ಲಿ ಉಪಯೋಗವಾಗುತ್ತವೆ. ಅವನ್ನು ಮಕ್ಕಳ ಕೈಗೆ ಮಾತ್ರ ಸಿಗಗೊಡಬಾರದು.

ಮೂರನೆಯದನ್ನು ನಮ್ಮ ಮನೆಗಳವರಿಗೆ ವಿಶೇಷವಾಗಿ ಹೇಳಬೇಕು. ವಿಭೂತಿಯ ಗಟ್ಟಿ ಕರಾವಳಿಯ ತೇವಕ್ಕೆ ಮೆತ್ತಗಾಗಿ ಮುಟ್ಟಿದರೆ ಪುಡಿಯಾಗುತ್ತದೆ. ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಒಂದೊಂದೇ ಗಟ್ಟಿ ಇರಿಸಿರಿ. ಶಿವದಾರವೂ ಲಿಂಗವಸ್ತ್ರವೂ ಮೈಬೆವರಿಗೂ ಮಳೆಗೂ ಒದ್ದೆಯಾಗುತ್ತವೆ, ಒದ್ದೆಯಾದದ್ದು ಕೊರಳಿನಲ್ಲಿಯೇ ಉಳಿದರೆ ಚರ್ಮ ಕೆರೆಯುತ್ತದೆ. ಬದಲಿಗೆ ಎರಡೆರಡು ಜೊತೆ ಹೆಚ್ಚಾಗಿ ಇರಲಿ.

ಇನ್ನು ತೊಯ್ದರೂ ಒಣಗುವವುಗಳ ವಿಚಾರ. ಬಟ್ಟೆಯ ಎಣಿಕೆ ಹೆಚ್ಚಾದಷ್ಟೂ ಅನುಕೂಲವೆಂದು ತಿಳಿಯುವುದು ಸಹಜ. ಮಳೆಯ ಊರಿನಲ್ಲಿ ಹಾಗಲ್ಲ. ಆರು ಜೊತೆ ದಪ್ಪ ಬಟ್ಟೆಗಿಂತ ನಾಲ್ಕು ಜೊತೆ ತೆಳುವಾದ ಬಟ್ಟೆ ಮೇಲು. ಮೈಮೇಲೆ ಒಂದು, ಹಗ್ಗದ ಮೇಲೆ ಒಂದು, ಪೆಟ್ಟಿಗೆಯಲ್ಲಿ ಒಣಗಿದ್ದು ಒಂದು, ಆಪತ್ತಿಗೆ ಒಂದು. ಅಪ್ಪಟ ದಪ್ಪ ಹತ್ತಿಗಿಂತ ನೂಲು ಬೆರಕೆಯ ತೆಳು ಬಟ್ಟೆ ಬೇಗ ಒಣಗುತ್ತದೆ. ಖಾದಿಯನ್ನೇ ಉಟ್ಟು ಬಂದ ನಾವು ಈ ಮಾತನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇವೆ. ಆದರೆ ಒದ್ದೆ ಖಾದಿಯನ್ನು ಎರಡು ದಿನ ಉಟ್ಟು ತೊಡೆ ಕೆರೆದುಕೊಂಡ ಮೇಲೆ ಕರಾವಳಿಗೆ ಹೋಗುವಾಗ ತೆಳು ಪಂಚೆಯನ್ನೇ ಒಯ್ಯುವುದನ್ನು ರೂಢಿಮಾಡಿಕೊಂಡೆವು. ಒಳ ಉಡುಪುಗಳು ಮಾತ್ರ ಹೆಚ್ಚಾಗಿಯೇ ಇರಲಿ. ಒದ್ದೆಯಾಗಿ ಧರಿಸಬಾರದ ವಸ್ತುಗಳಲ್ಲಿ ಅವು ಮೊದಲಿನವು. ಟರ್ಕಿ ಟುವಾಲಿನ ಬದಲು ಆ ಕಡೆಯವರು ಬೈರಾಸ ಎಂದು ಕರೆಯುವ ತೆಳುವಾದ ಹತ್ತಿಯ ವಸ್ತ್ರ ಸಾಕು. ಹಿಂಡಿದರೆ ನೀರು ಬಿಡುತ್ತದೆ, ಫ್ಯಾನಿನ ಗಾಳಿಗೆ ಬೆಳಗಾಗುವುದರೊಳಗೆ ಒಣಗುತ್ತದೆ. ಹತ್ತು ಮೊಳ ನೈಲಾನ್ ಹಗ್ಗವನ್ನೂ ಒಂದು ಡಜನ್ ಕ್ಲಿಪ್ಪುಗಳನ್ನೂ ಮರೆಯಬೇಡಿರಿ. ವಸತಿನಿಲಯದ ಕೋಣೆಯಲ್ಲಿ ಇವುಗಳ ಬೆಲೆ ಬೆಳ್ಳಿಗಿಂತ ಹೆಚ್ಚು.

ಪೆಟ್ಟಿಗೆಯೊಳಗೆ ಬಟ್ಟೆಗಳನ್ನು ಒಂದೇ ರಾಶಿಯಾಗಿ ತುಂಬದೆ, ಒಂದು ದಿನದ ಉಡುಪನ್ನು ಒಂದೊಂದು ಚೀಲದಲ್ಲಿ ಬೇರೆಬೇರೆಯಾಗಿ ಇಡುವುದು ಜಾಣತನ. ನಮ್ಮ ಚಿಕ್ಕಂದಿನಲ್ಲಿ ಇದಕ್ಕೆ ಮೇಣಬಟ್ಟೆ ಇತ್ತು. ಈಗ ಮತ್ತೆ ಮತ್ತೆ ಬಳಸಬಹುದಾದ ದಪ್ಪ ಚೀಲಗಳು ದೊರೆಯುತ್ತವೆ. ಒಂದು ಕಡೆ ನೀರು ಹೊಕ್ಕರೆ ಒಂದು ದಿನದ ಬಟ್ಟೆ ಮಾತ್ರ ಕೆಡುತ್ತದೆ. ಒದ್ದೆಯನ್ನು ತುಂಬಲು ಒಂದು ಖಾಲಿ ಚೀಲ ಬೇರೆಯೇ ಇರಲಿ. ಒಂದು ಒದ್ದೆ ಅಂಗಿಯನ್ನು ಒಣಬಟ್ಟೆಗಳ ಜೊತೆ ಸೇರಿಸಿದರೆ ಊರು ಸೇರುವ ಹೊತ್ತಿಗೆ ಎಲ್ಲವೂ ಒದ್ದೆಯಾಗಿರುತ್ತವೆ. ತಗಡಿನ ಟ್ರಂಕನ್ನು ಮನೆಯಲ್ಲಿಯೇ ಬಿಡುವುದು ಒಳ್ಳೆಯದು. ಅದರ ಮುಚ್ಚಳದ ಸಂದಿನಿಂದ ನೀರು ಒಳಗಿಳಿಯುತ್ತದೆ, ಕಡಲ ತೇವಕ್ಕೆ ತುಕ್ಕು ಹಿಡಿದು ಬಟ್ಟೆಗೆ ಕಲೆ ಕೊಡುತ್ತದೆ. ಗಾಲಿಯ ಪೆಟ್ಟಿಗೆಯೂ ಮೊಣಕಾಲಿನ ನೀರಿನಲ್ಲಿ ಉರುಳುವುದಿಲ್ಲ. ಹೆಗಲಿಗೆ ಹಾಕುವ ಚೀಲವೇ ಮೇಲು, ಅದಕ್ಕೊಂದು ಮಳೆಹೊದಿಕೆಯಿದ್ದರೆ ಇನ್ನೂ ಮೇಲು.

ಕಾಲಿನ ವಿಚಾರ ಬಟ್ಟೆಯ ವಿಚಾರಕ್ಕಿಂತ ದೊಡ್ಡದು. ಚರ್ಮದ ಚಪ್ಪಲಿ ನೀರು ಕುಡಿದು ನಾಲ್ಕೇ ದಿನದಲ್ಲಿ ಹಸಿರು ಬೂಷ್ಟು ಹಿಡಿಯುತ್ತದೆ. ಹವಾಯಿ ಚಪ್ಪಲಿ ಹೆಜ್ಜೆಗೊಮ್ಮೆ ಕೆಸರನ್ನು ಬೆನ್ನಿನವರೆಗೆ ಸಿಡಿಸುತ್ತದೆ, ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ, ಕೆಳಗೆ ಗಟ್ಟಿ ಗೀರುಗಳಿರುವ ರಬ್ಬರಿನ ಪಾದರಕ್ಷೆಯನ್ನು ಮಂಗಳೂರಿನಲ್ಲಿಯೇ ಕೊಳ್ಳಿರಿ. ಛತ್ರಿಯನ್ನೂ ಅಲ್ಲಿಯೇ ಕೊಳ್ಳಿರಿ. ಅಲ್ಲಿ ಅದಕ್ಕೆ ಕೊಡೆ ಎನ್ನುತ್ತಾರೆ. ನಮ್ಮ ಪೇಟೆಗಳಲ್ಲಿ ಬಿಸಿಲಿಗಾಗಿ ಮಾರುವ ಮಡಚುವ ಛತ್ರಿ ಕಡಲ ಗಾಳಿಯ ಒಂದೇ ಹೊಡೆತಕ್ಕೆ ಮೇಲ್ಮುಖವಾಗುತ್ತದೆ. ಆ ಊರಿನ ಅಂಗಡಿಯವರು ತಮ್ಮ ಮಳೆಯನ್ನು ಬಲ್ಲರು, ಅದಕ್ಕೆ ತಾಳುವ ವಸ್ತುಗಳನ್ನೇ ಇಟ್ಟಿರುತ್ತಾರೆ. ಎಲ್ಲವನ್ನೂ ಮನೆಯಿಂದಲೇ ಹೊತ್ತೊಯ್ಯಬೇಕೆಂಬ ಹಟ ಬೇಡ.

ಮಗಳ ತಂದೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಪಾದದ ಅರಿವು ಕುಂದಿರುವುದುಂಟು. ಒದ್ದೆಯಲ್ಲಿ ಬೆರಳ ಸಂದಿ ಬಿರಿದರೂ ನೋವು ತಿಳಿಯದು. ಬರಿಗಾಲಿನಲ್ಲಿ ನಿಂತ ನೀರಿಗೆ ಇಳಿಯಲೇಬಾರದು. ರಾತ್ರಿ ಕೋಣೆ ಸೇರಿದ ಕೂಡಲೇ ಸಾಬೂನಿನಿಂದ ಕಾಲು ತೊಳೆದು, ಬೆರಳುಗಳ ನಡುವೆ ಒಣ ಅರಿವೆಯಿಂದ ಒರಸಿ, ಮಗಳ ಕೈಯಿಂದಲಾದರೂ ಅಂಗಾಲನ್ನು ನೋಡಿಸಿಕೊಳ್ಳಬೇಕು. ಇಲಿಗಳ ಮೂತ್ರ ಬೆರೆತ ನೀರು ಗಾಯದೊಳಗೆ ಸೇರಿದರೆ ಇಲಿಜ್ವರ ಬರುತ್ತದೆ. ಮಲೇರಿಯಾ, ಡೆಂಗಿಗಳ ಭಯವೂ ಮಳೆಗಾಲದಲ್ಲಿ ಅಲ್ಲಿ ಉಂಟು. ಆದ್ದರಿಂದ ಮಗಳಿಗೆ ಸೊಳ್ಳೆಪರದೆಯೊಂದು ಅವಶ್ಯ. ಊರಿಗೆ ಮರಳಿದ ಮೇಲೆ ಎರಡು ಮೂರು ವಾರಗಳೊಳಗೆ ಜ್ವರ ಬಂದರೆ, ಮಂಗಳೂರಿಗೆ ಹೋಗಿದ್ದೆವೆಂದು ವೈದ್ಯರಿಗೆ ಮೊದಲು ಹೇಳಿರಿ.

ಎಂಟು ದಿನದ ಔಷಧ ಏಕೆಂಬುದಕ್ಕೆ ಉತ್ತರ ಘಟ್ಟದಲ್ಲಿದೆ. ಬಯಲಿನಿಂದ ಮಂಗಳೂರಿಗೆ ಹೋಗುವ ದಾರಿಗಳೆಲ್ಲ ಸಹ್ಯಾದ್ರಿಯನ್ನು ಇಳಿಯಲೇಬೇಕು. ವಿಜಯಪುರದಿಂದ ಗದಗ, ಹುಬ್ಬಳ್ಳಿ, ಹಾಸನಗಳ ಮೇಲೆ ಮಂಗಳೂರಿಗೆ 2019ರಲ್ಲಿ ಆರಂಭವಾದ ರೈಲು ಸಕಲೇಶಪುರದ ಘಟ್ಟವನ್ನು ಇಳಿಯುತ್ತದೆ. ಹುಬ್ಬಳ್ಳಿಯಿಂದ ರಸ್ತೆಯಲ್ಲಿ ಹೋದರೆ ಅರಬೈಲು ಘಟ್ಟವಿಳಿದು ಅಂಕೋಲೆಯಿಂದ ಕಡಲಂಚಿನ ಹೆದ್ದಾರಿ ಹಿಡಿಯಬೇಕು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಆ ಹೆದ್ದಾರಿಯ ಸಂಚಾರ ಹಲವು ದಿನ ಕಡಿದುಹೋಯಿತು. ಅದೇ ತಿಂಗಳ 26ರಂದು ಯಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ರೈಲುಹಳಿಯ ಕೆಳಗಿನ ಮಣ್ಣು ಜಾರಿ ರೈಲುಗಳೂ ಹಲವು ದಿನ ನಿಂತವು. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಪ್ರವೇಶದ ಕೊನೆಯ ದಿನಕ್ಕೆ ಸರಿಯಾಗಿ ಹೊರಡದೆ ಎರಡು ದಿನ ಮುಂಚಿತವಾಗಿ ಹೊರಡಿರಿ. ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ವಿಚಾರಿಸಿರಿ. ಬಸ್ಸಾದರೆ ಘಟ್ಟವನ್ನು ಹಗಲಿನಲ್ಲಿ ಇಳಿಯುವಂಥದ್ದನ್ನು ಆರಿಸಿರಿ. ನಡುದಾರಿಯಲ್ಲಿ ನಿಂತರೆ ಒಂದು ರಾತ್ರಿ ಕಳೆಯುವಷ್ಟು ಬುತ್ತಿ, ನೀರು, ಒಂದು ಬ್ಯಾಟರಿ ಕೈಯಲ್ಲಿರಲಿ.

ಬುತ್ತಿಯೆಂದ ಮೇಲೆ ರೊಟ್ಟಿಯ ಮಾತು ಬಂತು. ಅರವತ್ತು ಖಡಕ್ ರೊಟ್ಟಿ ಮಂಗಳೂರು ಸೇರಿದ ಮೂರನೆಯ ದಿನಕ್ಕೆ ಖಡಕ್ ಆಗಿ ಉಳಿಯುವುದಿಲ್ಲ, ಹಸಿಚರ್ಮದಂತೆ ಬಾಗುತ್ತದೆ. ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ದಾರಿಗೆ ಹತ್ತು, ಮಗಳಿಗೆ ಹತ್ತು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಾಕು. ಹಿಂಡಿಯನ್ನು ಒಂದೇ ದೊಡ್ಡ ಡಬ್ಬಿಯ ಬದಲು ನಾಲ್ಕು ಸಣ್ಣ ಡಬ್ಬಿಗಳಲ್ಲಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದನ್ನು ತೆರೆಯಲು ಹೇಳಿರಿ. ಒದ್ದೆ ಚಮಚ ಹಾಕಬಾರದೆಂದೂ ಹೇಳಿರಿ. ಉಳಿದಂತೆ ಆ ಊರಿನ ಕುಚ್ಚಲಕ್ಕಿಯ ಅನ್ನವನ್ನು ಮಗಳು ಉಂಡು ಅಭ್ಯಾಸ ಮಾಡಿಕೊಳ್ಳಲಿ. ಮಳೆಯ ಊರಿನವರು ಮಳೆಗಾಲಕ್ಕೆ ತಕ್ಕ ಊಟವನ್ನು ತಲೆಮಾರುಗಳಿಂದ ಕಂಡುಕೊಂಡಿದ್ದಾರೆ.

ಮನೆಯಲ್ಲಿ ಉಳಿಯಬೇಕಾದವು ಇಷ್ಟು: ಟ್ರಂಕು, ಜೀನ್ಸ್, ಇಳಕಲ್ ಸೀರೆಗಳು, ಚರ್ಮದ ಚಪ್ಪಲಿ, ಟರ್ಕಿ ಟುವಾಲು, ಐದಾರು ಪದರದ ಕೌದಿ.

ಕೌದಿಯ ಹೆಸರನ್ನು ಬರೆಯುವಾಗ ನಮ್ಮ ಕೈ ತಡೆಯಿತು. ಅಜ್ಜಿ ತನ್ನ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಕಣ್ಣು ಮಂಜಾದರೂ ಹೊಲಿಗೆ ಬಿಡದೆ ಮಾಡಿದ ವಸ್ತು ಅದು. ಮೊಮ್ಮಗಳಿಗೆ ಅಪರಿಚಿತ ಊರಿನಲ್ಲಿ ಮನೆಯ ವಾಸನೆ ಬೇಕೆಂಬುದನ್ನು ನಾವು ಬಲ್ಲೆವು. ಆದರೆ ಅಷ್ಟು ಪದರದ ಕೌದಿ ಮಂಗಳೂರಿನ ಜುಲೈಯಲ್ಲಿ ಒಮ್ಮೆ ತೇವ ಹಿಡಿದರೆ ದಸರೆಯವರೆಗೆ ಒಣಗದು. ಮುಗ್ಗಿ, ಕಲೆಗಟ್ಟಿ, ಕೊನೆಗೆ ಆ ಹುಡುಗಿ ಅದನ್ನು ಅಳುತ್ತಾ ಎಸೆಯಬೇಕಾದೀತು. ಅಜ್ಜಿಯ ಮೇಲಿನ ಪ್ರೀತಿಯಿಂದಲೇ ಅದನ್ನು ಈಗ ಒಯ್ಯಬಾರದು. ಅದರ ಬದಲು ಅದೇ ಅಜ್ಜಿಯ ತೆಳುವಾದ ಹಳೆಯ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ಅಂಚು ಹೊಲಿದುಕೊಡಿರಿ. ಆ ಸೆಕೆಯ ಊರಿನಲ್ಲಿ ಹೊದೆಯಲು ಅಷ್ಟು ಸಾಕು, ತೊಯ್ದರೂ ಒಣಗುತ್ತದೆ. ದೀಪಾವಳಿಯ ರಜೆಗೆ ಮಗಳು ಮನೆಗೆ ಬಂದಾಗ ಅಲ್ಲಿಯೂ ಬಿಸಿಲು ಮರಳುವ ಕಾಲವಾಗಿರುತ್ತದೆ. ಕೌದಿ ಆಗ ಹೋಗಲಿ. ಈ ಮಾತನ್ನು ಅಜ್ಜಿಗೆ ಮುಂಚಿತವಾಗಿಯೇ ತಿಳಿಸಿ ಹೇಳಿರಿ. ಹೊರಡುವ ದಿನ ಕೌದಿ ಹಿಂದೆ ಉಳಿದದ್ದನ್ನು ಅವರು ತಾವೇ ಕಂಡು ನೊಂದುಕೊಳ್ಳಬಾರದು.

ಕೊನೆಯದಾಗಿ ತೂಕವಿಲ್ಲದ ಒಂದು ವಸ್ತುವನ್ನೂ ಮಗಳಿಗೆ ಕಟ್ಟಿಕೊಡಿರಿ. ಕಡಲನ್ನು ಮೊದಲ ಸಲ ಕಾಣುವ ಬಯಲಿನ ಮಕ್ಕಳಿಗೆ ನೀರಿಗಿಳಿಯುವ ಆಸೆ ಸಹಜ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ದೊಡ್ಡ ದೋಣಿಗಳೇ ದಡದಲ್ಲಿ ನಿಂತಿರುತ್ತವೆ. ಕಡಲಿನ ಮಕ್ಕಳೇ ತಡೆದು ನಿಂತ ಕಾಲದಲ್ಲಿ ನಾವು ಅಲೆಗೆ ಕಾಲು ಕೊಡಬಾರದು, ದೂರದಿಂದ ನೋಡಿ ಕೈಮುಗಿದು ಬರಬೇಕು ಎಂದು ಹೇಳಿಕಳುಹಿಸಿರಿ.

ತಾಯೀ, ನಿಮ್ಮ ಯಾದಿಯಲ್ಲಿ ಅರ್ಧಕ್ಕರ್ಧ ಹೊಡೆದುಹಾಕಿದೆವೆಂದು ಬೇಸರಿಸಬೇಡಿರಿ. ಸೇರಿಸಿದ್ದು ಮುಖ್ಯವಾಗಿ ಒಂದನ್ನು, ಆ ಕಾಗದಗಳ ಕೋಶವನ್ನು. ದಾರಿಯಲ್ಲಿ ಮಳೆ ಹಿಡಿದು ಛತ್ರಿ ಒಂದೇ ಇದ್ದರೆ ಅದನ್ನು ಆ ಕೋಶದ ಮೇಲೆ ಹಿಡಿಯಿರಿ, ನೀವು ತೊಯ್ಯಿರಿ. ನಾವು 1986ರಲ್ಲಿ ಹಾಗೆ ಮಾಡಲಿಲ್ಲ. ನಿಮ್ಮ ಮಗಳು ಕಾಲೇಜಿನ ಮೇಜಿನ ಮೇಲೆ ಒಣಗಿದ ಅಂಕಪಟ್ಟಿಗಳನ್ನಿಟ್ಟು ಹೆಸರು ಬರೆಸಿದಳೆಂಬ ಸುದ್ದಿಯನ್ನು ಒಂದು ಸಾಲು ಬರೆದು ತಿಳಿಸಿರಿ. ಆ ಹುಡುಗಿಗೆ ನಮ್ಮ ಶುಭಾಶೀರ್ವಾದಗಳು. ಕೌದಿ ಹೊಲಿದ ಅಜ್ಜಿಗೆ ನಮ್ಮ ಶರಣಾರ್ಥಿಗಳು.